ಚಳಿಗಾಲದ ಸಮಾರಂಭಕ್ಕೆ ಮುಖಕ್ಕೆ ವ್ಯಾಕ್ಸ್ ಮಾಡಿಸುವ ಮುನ್ನ ಇದನ್ನೊಮ್ಮೆ ಓದಿ

ಮೊಡವೆಗೆಂದೋ ಕಲೆಗೆಂದೋ ರಾತ್ರಿ ಹೊತ್ತು ಮುಖಕ್ಕೆ ಅಡಾಪಲೀನ್, ಟ್ರೆಟಿನಾಯಿನ್ ಅಥವಾ ರೆಟಿನಾಲ್ ಇರುವ ಕ್ರೀಮು ಹಚ್ಚುತ್ತಿದ್ದೀರಾ? ಹಾಗಿದ್ದರೆ ಸಮಾರಂಭದ ಮುಂಚೆ ಮುಖಕ್ಕೆ ವ್ಯಾಕ್ಸ್ ಮಾಡಿಸಲು ಹೋಗಬೇಡಿ. ಚಳಿಗಾಲದಲ್ಲಂತೂ ಬೇಡವೇ ಬೇಡ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟನ್ನು ತಲೆಯಲ್ಲಿಟ್ಟುಕೊಂಡರೂ ಸಾಕು. ಪುರುಸೊತ್ತಿದ್ದವರಿಗೆ ನನಗೆ ಏನಾಯಿತು, ಯಾಕಾಯಿತು ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ. ಈ ಮಾತನ್ನು ನನಗೆ ಔಷಧಿ ಅಂಗಡಿಯವರೂ ಹೇಳಿರಲಿಲ್ಲ, ಪಾರ್ಲರಿನವರೂ ಹೇಳಲಿಲ್ಲ.

ಹತ್ತಿರದ ಸಂಬಂಧಿಕರ ಮದುವೆ, ಕೊರೆಯುವ ಚಳಿ. ಹಿಂದಿನ ದಿನ ಕೈಕಾಲಿಗೆ ವ್ಯಾಕ್ಸ್ ಮಾಡಿಸಲು ಪಾರ್ಲರಿಗೆ ಹೋಗಿದ್ದೆ. ಅದು ಮುಗಿಯುತ್ತಿದ್ದಂತೆ ಅಲ್ಲಿನವರೇ, "ಮೇಡಂ, ಅಪ್ಪರ್ ಲಿಪ್ಪು, ಗದ್ದ ಎರಡೂ ಮಾಡಿಬಿಡ್ತೀನಿ, ನಾಳೆ ಮೇಕಪ್ ನೀಟಾಗಿ ಕೂರುತ್ತೆ" ಅಂದರು. ಮುಖಕ್ಕೆ ಏನು ಹಚ್ಚುತ್ತೀರಿ, ಮಾತ್ರೆ ಏನಾದರೂ ತಗೊಳ್ತಿದ್ದೀರಾ, ಹಿಂದೆ ಯಾವತ್ತಾದರೂ ಅಲರ್ಜಿ ಆಗಿತ್ತಾ, ಒಂದನ್ನೂ ಕೇಳಲಿಲ್ಲ. ಚಳಿಗೆ ವ್ಯಾಕ್ಸ್ ಬೇಗ ಗಟ್ಟಿಯಾಗುತ್ತಿದೆ ಅಂತ ಮತ್ತೆ ಮತ್ತೆ ಬಿಸಿ ಮಾಡುತ್ತಿದ್ದರು. ಎಷ್ಟು ಬಿಸಿ ಇದೆ ಅಂತ ತಮ್ಮ ಕೈಗೆ ಒಂದಿಷ್ಟು ತಾಗಿಸಿ ನೋಡಿದ್ದನ್ನೂ ನಾನು ಕಾಣಲಿಲ್ಲ.

ಪಟ್ಟಿ ಎಳೆದಾಗ ಚುರ್ ಅನ್ನುವ ನೋವು ವ್ಯಾಕ್ಸ್ ಮಾಡಿಸಿದವರಿಗೆಲ್ಲ ಗೊತ್ತು. ಬರುತ್ತೆ, ಹೋಗುತ್ತೆ. ಇದು ಹೋಗಲಿಲ್ಲ. ಗದ್ದದ ಮೇಲೆ ಕೆಂಪಗೆ, ಹೊಳೆಯುವ ಹಾಗೆ ಒಂದು ಜಾಗ ಕಾಣುತ್ತಿತ್ತು. ಮುಟ್ಟಿದರೆ ಒದ್ದೆ. "ಉರೀತಿದೆ" ಅಂದೆ. "ಚಳಿಗೆ ಸ್ಕಿನ್ ಡ್ರೈ ಆಗಿರುತ್ತಲ್ಲ, ಹಾಗೇ ಆಗೋದು. ಏನಾಗಲ್ಲ ಮೇಡಂ" ಅಂತ ಹೇಳಿ, ಉಳಿದಿದ್ದ ನಾಲ್ಕು ಕೂದಲಿಗೋಸ್ಕರ ಅದೇ ಜಾಗದ ಮೇಲೆ ಇನ್ನೊಂದು ಸಲ ಪಟ್ಟಿ ಎಳೆದರು. ಆಮೇಲೆ ಘಮಘಮ ಅನ್ನುವ ಜೆಲ್ ಒಂದನ್ನು ಬಳಿದರು. ಕಣ್ಣಲ್ಲಿ ನೀರು ಬಂತು. ಪ್ಯಾಕೇಜಿನಲ್ಲಿ ಬ್ಲೀಚ್ ಕೂಡ ಇದೆ, ಅದನ್ನೂ ಹಚ್ಚುತ್ತೇನೆ ಅಂದರು. ಅಷ್ಟರಲ್ಲಿ ನಾನು ಎದ್ದುಬಂದೆ. ಬ್ಲೀಚಿನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡು, ಅಮೋನಿಯ ಆ ಹಸಿ ಚರ್ಮಕ್ಕೆ ಬಿದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ರಾತ್ರಿಯೆಲ್ಲ ಆ ಜಾಗ ಜಿನುಗಿತು. ಬೆಳಗಾಗುವಷ್ಟರಲ್ಲಿ ಹಕ್ಕಳೆ ಕಟ್ಟಿತ್ತು. ಮೇಕಪ್ ಮಾಡುವ ಹುಡುಗಿ ಒಳ್ಳೆಯವಳು, ನೋಡಿದ ಕೂಡಲೇ "ಇದರ ಮೇಲೆ ನಾನು ಏನೂ ಹಾಕಲ್ಲ ಅಕ್ಕಾ, ಸೋಂಕಾದರೆ ಕಷ್ಟ" ಅಂದಳು. ಮದುವೆಯ ಫೋಟೋಗಳಲ್ಲೆಲ್ಲ ನಾನು ಒಂದೇ ಕಡೆ ಮುಖ ತಿರುಗಿಸಿ ನಿಂತಿದ್ದೇನೆ. ಅದಾದರೂ ಹೋಗಲಿ. ಹಕ್ಕಳೆ ಉದುರಿದ ಮೇಲೆ ಅಲ್ಲಿ ಕಂದು ಬಣ್ಣದ ಕಲೆ ಉಳಿಯಿತು, ಚಳಿಗಾಲ ಮುಗಿದು ಬೇಸಿಗೆ ಬಂದರೂ ಹೋಗಲಿಲ್ಲ. ನಮ್ಮಂಥ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮಕ್ಕೆ ಎಲ್ಲೇ ಗಾಯವಾದರೂ, ಉರಿಯೂತವಾದರೂ ಅಲ್ಲಿ ಬಣ್ಣ ಗಾಢವಾಗುವ ಸ್ವಭಾವ ಹೆಚ್ಚು. ಗಾಯ ಬೇಗ ಮಾಯುತ್ತದೆ, ಕಲೆ ತಿಂಗಳುಗಟ್ಟಲೆ ಕೂರುತ್ತದೆ.

ಕಾರಣ ಗೊತ್ತಾದದ್ದು ಚರ್ಮದ ವೈದ್ಯರ ಹತ್ತಿರ ಹೋದಾಗ. ಅವರು ಕೇಳಿದ ಮೊದಲ ಪ್ರಶ್ನೆಯೇ "ರಾತ್ರಿ ಏನು ಹಚ್ಚುತ್ತೀರಿ?" ಅಂತ. ಮೊಡವೆಗೆ ಅಡಾಪಲೀನ್ ಜೆಲ್ ಅಂದೆ. ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಅಡಾಪಲೀನ್, ಟ್ರೆಟಿನಾಯಿನ್, ರೆಟಿನಾಲ್ ಇವೆಲ್ಲ ಒಂದೇ ಕುಟುಂಬದವು, ರೆಟಿನಾಯ್ಡ್ ಅಂತ ಕರೆಯುತ್ತಾರೆ. ಚರ್ಮದ ಮೇಲ್ಪದರದ ಸತ್ತ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವಲ್ಲ, ಈ ಔಷಧಿ ಆ ಅಂಟನ್ನು ಸಡಿಲಿಸುತ್ತದೆ, ಹೊಸ ಕೋಶಗಳು ಬೇಗ ಮೇಲೆ ಬರುವಂತೆ ಮಾಡುತ್ತದೆ. ಮೊಡವೆಗೆ ಅದು ಒಳ್ಳೆಯದೇ. ಆದರೆ ವ್ಯಾಕ್ಸ್ ಕೂದಲಿಗೆ ಮಾತ್ರ ಅಂಟುವುದಿಲ್ಲ, ಚರ್ಮಕ್ಕೂ ಅಂಟುತ್ತದೆ. ಮೇಲ್ಪದರ ಸಡಿಲವಾಗಿರುವಾಗ ಪಟ್ಟಿ ಎಳೆದರೆ ಕೂದಲಿನ ಜೊತೆ ಚರ್ಮವೇ ಕಿತ್ತು ಬರುತ್ತದೆ. ಗ್ಲೈಕಾಲಿಕ್, ಸ್ಯಾಲಿಸಿಲಿಕ್ ಆಮ್ಲಗಳ ಪೀಲ್ (ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವುದು) ಮಾಡಿಸಿಕೊಂಡವರಿಗೂ ಇದೇ ಅಪಾಯ.

ಚಳಿಗಾಲ ಇದನ್ನು ಇನ್ನಷ್ಟು ಕೆಡಿಸುತ್ತದೆ. ಒಣ ಹವೆ ಚರ್ಮದ ತೇವವನ್ನು ಹೀರುತ್ತಿರುತ್ತದೆ. ಸುಡು ಬಿಸಿನೀರಿನ ಸ್ನಾನ ಇದ್ದಬದ್ದ ಜಿಡ್ಡನ್ನೂ ತೊಳೆದುಹಾಕುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಮೊದಲೇ ಬಿದ್ದಿರುತ್ತವೆ. ಅಂಥ ಚರ್ಮದ ಮೇಲೆ ಯಾವ ವಿಧಾನವೇ ಆಗಲಿ, ಬೇಸಿಗೆಯಲ್ಲಿ ಆದಷ್ಟು ಸಲೀಸಾಗಿ ಆಗುವುದಿಲ್ಲ. ಜೊತೆಗೆ ಚಳಿಗಾಲದಲ್ಲಿ ಮೈತುಂಬ ಬಟ್ಟೆ ಇರುವುದರಿಂದ ವಾರಗಟ್ಟಲೆ ಯಾರೂ ಕೂದಲಿನ ಕಡೆ ಗಮನ ಕೊಡುವುದಿಲ್ಲ. ಸಮಾರಂಭ ಬಂದಾಗ ಕೈ, ಕಾಲು, ಬೆನ್ನು, ಮುಖ ಎಲ್ಲವನ್ನೂ ಒಂದೇ ದಿನ ಮಾಡಿಸಲು ಓಡುತ್ತೇವೆ. ಪಾರ್ಲರುಗಳಲ್ಲೂ ಆಗ ನೂಕುನುಗ್ಗಲು. ಕೇಳುವ ತಾಳ್ಮೆ ಅವರಿಗಿಲ್ಲ, ಹೇಳುವ ಹೊತ್ತು ನಮಗಿಲ್ಲ.

ರೆಟಿನಾಯ್ಡ್ ಕ್ರೀಮನ್ನು ವ್ಯಾಕ್ಸಿಂಗಿಗೆ ಎರಡರಿಂದ ಐದು ದಿನ ಮೊದಲೇ ನಿಲ್ಲಿಸಬೇಕು ಅನ್ನುವುದು ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಕೊಡುವ ಸಲಹೆ. ಮುಖ ಮತ್ತು ಚಳಿಗಾಲ ಎರಡೂ ಸೇರಿದರೆ ಇನ್ನೂ ಹೆಚ್ಚು ಬಿಡುವು ಇರಲಿ ಅಂದರು ನನ್ನ ವೈದ್ಯರು. ನಿಮ್ಮ ಚರ್ಮಕ್ಕೆ ಎಷ್ಟು ಬೇಕು ಅನ್ನುವುದನ್ನು ಆ ಕ್ರೀಮು ಬರೆದುಕೊಟ್ಟವರನ್ನೇ ಕೇಳಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರ ವಿಷಯವಂತೂ ಬೇರೆಯೇ. ಮಾತ್ರೆ ನಿಲ್ಲಿಸಿದ ಮೇಲೂ 6 ತಿಂಗಳು ಮೈಯ ಯಾವ ಭಾಗಕ್ಕೂ ವ್ಯಾಕ್ಸ್ ಕೂಡದು. ಕ್ರೀಮು ಹಚ್ಚಿದ ಜಾಗಕ್ಕಷ್ಟೇ ಕೆಲಸ ಮಾಡುತ್ತದೆ, ಮಾತ್ರೆ ಇಡೀ ಮೈಗೆ ಹೋಗುತ್ತದೆ. ಕಾಲೇಜು ಹುಡುಗಿಯರು ಈ ಮಾತ್ರೆ ತೆಗೆದುಕೊಳ್ಳುವುದು ಸಾಮಾನ್ಯ. ಮನೆಯಲ್ಲಿ ಅಂಥವರಿದ್ದರೆ ದಯವಿಟ್ಟು ಇದನ್ನು ಹೇಳಿ.

ನನ್ನ ಕಥೆ ಕೇಳಿದ ಹಲವರು "ಹಾಗಾದರೆ ಹೇರ್ ರಿಮೂವಲ್ ಕ್ರೀಮ್ ಹಚ್ಚಬಹುದಿತ್ತು, ನೋವೂ ಇರಲ್ಲ" ಅಂದರು. ನೋವಿಲ್ಲ ಅನ್ನುವುದು ನಿಜ, ಸೌಮ್ಯ ಅನ್ನುವುದು ಸುಳ್ಳು. ಆ ಕ್ರೀಮುಗಳಲ್ಲಿ ಕೆಲಸ ಮಾಡುವುದು ಥಯೋಗ್ಲೈಕೊಲೇಟ್ ಅನ್ನುವ ರಾಸಾಯನಿಕ. ಕೂದಲಿನ ಕೆರಟಿನ್ ಪ್ರೋಟೀನಿನಲ್ಲಿರುವ ಗಂಧಕದ ಬಂಧಗಳನ್ನು ಅದು ಮುರಿಯುತ್ತದೆ, ಕೂದಲು ಮೆತ್ತಗಾಗಿ ಒರೆಸಿದರೆ ಬರುತ್ತದೆ. ನಮ್ಮ ಚರ್ಮದ ಮೇಲ್ಪದರವೂ ಕೆರಟಿನ್ನೇ. ಹೆಚ್ಚು ಹೊತ್ತು ಬಿಟ್ಟರೆ ಅದನ್ನೂ ಬಿಡುವುದಿಲ್ಲ. ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5, ಈ ಕ್ರೀಮುಗಳದ್ದು 12ರ ಆಸುಪಾಸು, ಅಂದರೆ ತೀಕ್ಷ್ಣ ಕ್ಷಾರ. ಬಿರಿದ ಮೊಣಕಾಲಿಗೆ, ಹಿಮ್ಮಡಿಯ ಹತ್ತಿರಕ್ಕೆ ಹಚ್ಚಿದರೆ ಬೆಂಕಿ ಬಿದ್ದ ಹಾಗೆ ಉರಿಯುತ್ತದೆ. ಬಳಸಲೇಬೇಕು ಅಂದರೆ ಒಂದು ದಿನ ಮೊದಲು ಸಣ್ಣ ಜಾಗದಲ್ಲಿ ಹಚ್ಚಿ ಪರೀಕ್ಷಿಸಿ. ಡಬ್ಬಿಯ ಮೇಲೆ ಬರೆದ ನಿಮಿಷ ದಾಟಬೇಡಿ, ಅಲಾರಂ ಇಟ್ಟುಕೊಳ್ಳಿ. ಬಿಸಿನೀರು ಸ್ನಾನ ಮಾಡಿದ ಕೂಡಲೇ ಬೇಡ. ಕೈಕಾಲಿನ ಕ್ರೀಮನ್ನು ಮುಖಕ್ಕೆ ಹಚ್ಚಲೇಬೇಡಿ. ರೆಟಿನಾಯ್ಡ್ ಹಚ್ಚುವ ಮುಖಕ್ಕೆ ಮುಖದ ಕ್ರೀಮೂ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮುಖಕ್ಕೆ ನಾನು ಈಗ ಮಾಡಿಸುವುದು ಥ್ರೆಡ್ಡಿಂಗ್. ದಾರ ಕೂದಲನ್ನಷ್ಟೇ ಹಿಡಿದು ಎಳೆಯುತ್ತದೆ, ಅಂಟು ಇಲ್ಲ, ಬಿಸಿ ಇಲ್ಲ, ರಾಸಾಯನಿಕ ಇಲ್ಲ. ಕೆಂಪಾಗುವುದು, ಸಣ್ಣ ಗುಳ್ಳೆ ಏಳುವುದು ಇದರಲ್ಲೂ ಉಂಟು. ಹಾಗಾಗಿ ಹಿಂದಿನ ದಿನವಲ್ಲ, ಎರಡು ಮೂರು ದಿನ ಮುಂಚೆಯೇ ಮಾಡಿಸಿ.

ಇನ್ನು ರೇಜರ್. ನಮ್ಮ ಹೆಂಗಸರಲ್ಲಿ ಇದರ ಮೇಲಿರುವಷ್ಟು ಭಯ ಬೇರೆ ಯಾವುದರ ಮೇಲೂ ಇಲ್ಲ. ಬೋಳಿಸಿದರೆ ಕೂದಲು ದಪ್ಪಗೆ, ಒತ್ತಾಗಿ ಬರುತ್ತದೆ ಅಂತ ಅಮ್ಮ, ಅತ್ತೆ, ಪಾರ್ಲರಿನವರು ಎಲ್ಲರೂ ಹೇಳುತ್ತಾರೆ. ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಅನ್ನುವ ವಿಜ್ಞಾನಿ 1928ರಷ್ಟು ಹಿಂದೆಯೇ ಇದನ್ನು ಪರೀಕ್ಷಿಸಿ, ಬೋಳಿಸುವುದರಿಂದ ಕೂದಲಿನ ದಪ್ಪವೂ ಬೆಳೆಯುವ ವೇಗವೂ ಬದಲಾಗುವುದಿಲ್ಲ ಎಂದು ತೋರಿಸಿದ್ದರು. ಕೂದಲಿನ ಬೇರು ಇರುವುದು ಚರ್ಮದ ಒಳಗೆ, ಬ್ಲೇಡು ಅಲ್ಲಿಗೆ ಮುಟ್ಟುವುದೇ ಇಲ್ಲ. ತಾನಾಗಿ ಬೆಳೆದ ಕೂದಲಿನ ತುದಿ ಚೂಪಾಗಿರುತ್ತದೆ, ಕತ್ತರಿಸಿದ ತುದಿ ಮೊಂಡಾಗಿರುತ್ತದೆ, ಅದಕ್ಕೇ ಮುಟ್ಟಿದರೆ ಒರಟು ಅನ್ನಿಸುತ್ತದೆ. ಅಷ್ಟೇ. ಸಮಾರಂಭ ನಾಳೆಯೇ ಇದೆ, ಏನೂ ಮಾಡಿಸಿಲ್ಲ ಅನ್ನುವವರು ಕೈಕಾಲಿಗೆ ಧೈರ್ಯವಾಗಿ ರೇಜರ್ ಬಳಸಿ. ಹೊಸ ಬ್ಲೇಡು ಇರಲಿ. ಉಗುರುಬೆಚ್ಚಗಿನ ನೀರಲ್ಲಿ ಚರ್ಮ ನೆನೆಯಲಿ. ಶೇವಿಂಗ್ ಜೆಲ್ ಹಚ್ಚಿ, ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಿರಿ. ಮುಗಿದ ಮೇಲೆ ಮೈ ತೇವ ಇರುವಾಗಲೇ ಸುಗಂಧವಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಒಂದೆರಡು ದಿನಕ್ಕೆ ಕೂದಲು ಮತ್ತೆ ಚುಚ್ಚುತ್ತದೆ ನಿಜ, ಆದರೆ ಸಮಾರಂಭ ಅಷ್ಟರಲ್ಲಿ ಮುಗಿದಿರುತ್ತದೆ.

ಕೈಕಾಲಿಗೆ ವ್ಯಾಕ್ಸೇ ಬೇಕು ಅನ್ನುವವರನ್ನು ನಾನು ತಡೆಯುವುದಿಲ್ಲ. ಮೂರು ನಾಲ್ಕು ವಾರ ನುಣುಪಾಗಿರುವುದು ಅದರಿಂದಲೇ. ಆದರೆ ಕೂದಲು ಕಾಲಿಂಚಾದರೂ ಬೆಳೆದಿರಬೇಕು, ಇಲ್ಲವಾದರೆ ಹಿಡಿತ ಸಿಗದೆ ಅರ್ಧಕ್ಕೆ ತುಂಡಾಗಿ, ಚರ್ಮದೊಳಗೇ ಬೆಳೆದು ಗುಳ್ಳೆಯಾಗುತ್ತದೆ. ಮೂರು ನಾಲ್ಕು ದಿನ ಮುಂಚೆ ಮಾಡಿಸಿ. ಆಮೇಲೆ ಎರಡು ದಿನ ಉಣ್ಣೆಯ ಬಿಗಿ ಕಾಲುಚೀಲ, ಸಿಂಥೆಟಿಕ್ ಲೆಗ್ಗಿಂಗ್ಸ್ ಬೇಡ. ಉಜ್ಜಿ ಉಜ್ಜಿಯೇ ಎಷ್ಟೋ ಗುಳ್ಳೆಗಳು ಏಳುತ್ತವೆ.

ಲೇಸರ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮುಂದಿನ ವಾರದ ಸಮಾರಂಭಕ್ಕೆ ಅದು ಉತ್ತರವೇ ಅಲ್ಲ. ನಾಲ್ಕಾರು ವಾರಗಳ ಅಂತರದಲ್ಲಿ ಹಲವು ಸಿಟ್ಟಿಂಗ್ ಬೇಕು, ನಡುವೆ ವ್ಯಾಕ್ಸ್ ಮಾಡಿಸುವಂತಿಲ್ಲ. ಬಿಸಿಲು ಕಡಿಮೆ ಇರುವ ಚಳಿಗಾಲ ಶುರು ಮಾಡಲು ಒಳ್ಳೆಯ ಕಾಲ, ಫಲ ಕಾಣುವುದು ಮುಂದೆ. ಗಾಢ ಬಣ್ಣದ ಚರ್ಮಕ್ಕೆ 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಯಾವ ಯಂತ್ರ ಅಂತ ಕೇಳಿದಾಗ ಉತ್ತರ ಬರದಿದ್ದರೆ ಅಲ್ಲಿ ಮಾಡಿಸಬೇಡಿ. "ಒಂದೇ ಸಿಟ್ಟಿಂಗಿನಲ್ಲಿ ಶಾಶ್ವತವಾಗಿ ಹೋಗುತ್ತದೆ" ಅನ್ನುವವರ ಮಾತನ್ನೂ ನಂಬಬೇಡಿ.

ಪಾರ್ಲರಿಗೆ ಫೋನ್ ಮಾಡಿ ಆದದ್ದನ್ನು ಹೇಳಿದಾಗ ಅವರು ಕೊಟ್ಟ ಉತ್ತರ, "ನಿಮ್ಮದು ಸೆನ್ಸಿಟಿವ್ ಸ್ಕಿನ್." ಜೊತೆಗೆ ಒಂದು ಕ್ರೀಮಿನ ಹೆಸರು ಹೇಳಿ, ಹಚ್ಚಿದರೆ ಕಲೆಯೂ ಹೋಗುತ್ತದೆ ಅಂದರು. ವೈದ್ಯರಿಗೆ ತೋರಿಸಿದೆ. ಅದರಲ್ಲಿ ಕ್ಲೋಬೆಟಸಾಲ್ ಇತ್ತು, ಸ್ಟೆರಾಯ್ಡುಗಳಲ್ಲೇ ಅತಿ ಪ್ರಬಲವಾದವುಗಳಲ್ಲಿ ಒಂದು. ಮುಖಕ್ಕೆ ದಿನವೂ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಕಾಣಿಸಿಕೊಂಡು, ಮೊಡವೆ ಇನ್ನೂ ಜೋರಾಗುತ್ತದೆ. ಚರ್ಮ ಕಿತ್ತುಬಂದದ್ದಕ್ಕಿಂತ ನನಗೆ ಹೆಚ್ಚು ಸಿಟ್ಟು ಬಂದದ್ದು ಈ ಸಲಹೆಗೆ. ಗೊತ್ತಿಲ್ಲದೆ ಮಾಡಿದ್ದು ಒಂದು, ಗೊತ್ತಿಲ್ಲದ ಔಷಧಿಯನ್ನು ಇನ್ನೊಬ್ಬರ ಮುಖಕ್ಕೆ ಹಚ್ಚಿಸುವುದು ಇನ್ನೊಂದು.

ಆದ್ದರಿಂದ ಪಟ್ಟಿ ಹಚ್ಚುವ ಮುಂಚೆ ನಿಮ್ಮನ್ನು ಏನೂ ಕೇಳದಿದ್ದರೆ ನೀವೇ ಬಾಯಿಬಿಟ್ಟು ಹೇಳಿ: ಇಂಥ ಕ್ರೀಮು ಹಚ್ಚುತ್ತೇನೆ, ಇಂಥ ಮಾತ್ರೆ ತಗೊಳ್ತೇನೆ. ಹೇಳಿದ ಮೇಲೂ "ಏನಾಗಲ್ಲ" ಅಂದರೆ ಎದ್ದು ಬನ್ನಿ. ಒಮ್ಮೆ ಎಳೆದ ಜಾಗದ ಮೇಲೆ ಮತ್ತೆ ಎಳೆಯಲು ಬಿಡಬೇಡಿ, ಉಳಿದ ಕೂದಲನ್ನು ಚಿಮಟದಿಂದ ಕೀಳಬಹುದು. ವ್ಯಾಕ್ಸ್ ಒಳಗೆ ಒಂದೇ ಕಡ್ಡಿಯನ್ನು ಎಲ್ಲರಿಗೂ ಅದ್ದುತ್ತಿದ್ದರೆ ಅದೊಂದೇ ಸಾಕು ಬೇಡ ಅನ್ನಲು.

ಈಗಾಗಲೇ ಚರ್ಮ ಕಿತ್ತು ಬಂದಿದ್ದರೆ ಐಸ್ ಒತ್ತಬೇಡಿ, ಟೂತ್‌ಪೇಸ್ಟ್ ಬಳಿಯಬೇಡಿ. ವ್ಯಾಕ್ಸ್ ಬಿಸಿಯಾಗಿ ಸುಟ್ಟಿದ್ದರೆ ತಣ್ಣಗಿನ ನಲ್ಲಿ ನೀರಿನಡಿ 20 ನಿಮಿಷ ಹಿಡಿಯಿರಿ. ಮೆಲ್ಲಗೆ ತೊಳೆದು ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಹಕ್ಕಳೆ ಕೀಳಬೇಡಿ, ಮಾಯುವ ತನಕ ರೆಟಿನಾಯ್ಡ್ ನಿಲ್ಲಿಸಿ, ಅದರ ಮೇಲೆ ಮೇಕಪ್ ಬೇಡ. ಮಾಯ್ದ ಮೇಲೆ ಹಗಲಲ್ಲಿ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚದೆ ಹೊರಗೆ ಹೋಗಬೇಡಿ, ಚಳಿಗಾಲದ ಎಳೆ ಬಿಸಿಲೂ ಆ ಕಲೆಯನ್ನು ಕಪ್ಪಾಗಿಸುತ್ತದೆ. ಬೊಬ್ಬೆ ಎದ್ದರೆ, ಕೀವು ಕಂಡರೆ, ಕೆಂಪು ಹರಡುತ್ತಾ ಹೋದರೆ, ಜ್ವರ ಬಂದರೆ ಸಮಾರಂಭ ಮುಗಿಯಲಿ ಅಂತ ಕಾಯಬೇಡಿ, ಅದೇ ದಿನ ಚರ್ಮದ ವೈದ್ಯರಿಗೆ ತೋರಿಸಿ. ಹೋಗುವಾಗ ನೀವು ಹಚ್ಚುತ್ತಿರುವ ಟ್ಯೂಬುಗಳನ್ನೆಲ್ಲ ಜೊತೆಗೆ ಒಯ್ಯಿರಿ.