ಬಯೋಗೈಡ್: 50 ವರ್ಷದ ರಾಜಕಾರಣ ಒಂದೇ ಪ್ಯಾರಾದಲ್ಲಿ

ಹಾಸನದಲ್ಲಿ ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಅಮೆರಿಕದ ಸಂಸತ್ತಿನ ವಿಷಯ ಬಂದರೆ ಮೊದಲು ತೆಗೆಯುವುದು ಬಯೋಗೈಡ್ ಎಂಬ ವೆಬ್‌ಸೈಟ್. 1774ರಿಂದ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಕೂತವರೆಲ್ಲರ ಪರಿಚಯ ಇದರಲ್ಲಿದೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಕಾಟ ಇಲ್ಲ. ಹೆಸರು ಟೈಪ್ ಮಾಡಿದರೆ ಆಯ್ತು.

ಇದರ ಗುಣ, ಕೊರತೆ ಎರಡೂ ಗೊತ್ತಾಗಬೇಕಾದರೆ ಇಮ್ಯಾನುಯೆಲ್ ಸೆಲ್ಲರ್ ಅವರ ಪುಟ ನೋಡಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನವರು, ಡೆಮಾಕ್ರಟಿಕ್ ಪಕ್ಷ. 1923ರ ಮಾರ್ಚ್‌ನಿಂದ 1973ರ ಜನವರಿವರೆಗೆ ಕೆಳಮನೆಯಲ್ಲಿದ್ದರು. ಅಲ್ಲಿ ಎರಡು ವರ್ಷಕ್ಕೊಮ್ಮೆ ಚುನಾವಣೆ. ಅಂದರೆ 25 ಸಲ ಗೆದ್ದಿದ್ದಾರೆ! ಹೊಳೆನರಸೀಪುರದಿಂದ ದೇವೇಗೌಡರು ಮೊದಲ ಸಲ ಗೆದ್ದ 1962ಕ್ಕೇ ಸೆಲ್ಲರ್ ಕೆಳಮನೆಗೆ ಬಂದು 39 ವರ್ಷ ಆಗಿತ್ತು ಅಂದರೆ ನಮ್ಮ ಮಕ್ಕಳು ಬಾಯಿ ಬಿಡುತ್ತಾರೆ.

ನನಗೆ ಇಷ್ಟವಾದದ್ದು ಒಂದು ಸಾಲು. ಕೆಳಮನೆಯ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿದ್ದು 81, 82ನೇ ಕಾಂಗ್ರೆಸ್ (ಅಲ್ಲಿ ಎರಡೆರಡು ವರ್ಷದ ಪ್ರತಿ ಅವಧಿಗೂ ಹೀಗೆ ನಂಬರ್), ಆಮೇಲೆ 84ರಿಂದ 92. ನಡುವೆ 83 ಎಲ್ಲಿ ಹೋಯಿತು? 1952ರ ಚುನಾವಣೆಯಲ್ಲಿ ಕೆಳಮನೆ ರಿಪಬ್ಲಿಕನ್ನರ ಪಾಲಾಯಿತು. ಬಹುಮತ ಹೋದರೆ ಅಧ್ಯಕ್ಷಗಿರಿಯೂ ಹೋಯಿತು, ಎಷ್ಟೇ ಹಿರಿಯರಾಗಿರಲಿ. ಆ ಬಿಟ್ಟುಹೋದ ನಂಬರ್ ಇಟ್ಟುಕೊಂಡು ಇಡೀ ಒಂದು ಪೀರಿಯಡ್ ಪಾಠ ಮಾಡಬಹುದು.

ಆದರೆ ಆ ಕುರ್ಚಿಯಲ್ಲಿ ಕೂತು ಏನು ಮಾಡಿದರು? ಅದಿಲ್ಲ. ನಮ್ಮ ಸರ್ವಿಸ್ ರಿಜಿಸ್ಟರ್ ಇದ್ದ ಹಾಗೆ, ಸೇರಿದ್ದು, ಬಿಟ್ಟಿದ್ದು ಅಷ್ಟೇ. 1924ರಲ್ಲಿ ವಲಸಿಗರಿಗೆ ದೇಶವಾರು ಕೋಟಾ ಹಾಕುವ ಕಾಯ್ದೆ ಬಂದಾಗ ಹೊಸ ಸದಸ್ಯರಾಗಿದ್ದ ಸೆಲ್ಲರ್ ವಿರೋಧಿಸಿದರು, ಸೋತರು. ಆ ಕೋಟಾ ಪದ್ಧತಿ ಕಿತ್ತುಹಾಕಿದ 1965ರ ಹಾರ್ಟ್–ಸೆಲ್ಲರ್ ಕಾಯ್ದೆಗೆ ಅವರದೇ ಹೆಸರು. 41 ವರ್ಷ ಹಿಡಿಯಿತು. ಮಧ್ಯೆ 1946ರ ಲ್ಯೂಸ್–ಸೆಲ್ಲರ್ ಕಾಯ್ದೆ ಭಾರತೀಯರಿಗೆ ವರ್ಷಕ್ಕೆ 100 ಜನರ ಕೋಟಾ ಕೊಟ್ಟಿತು, ಜೊತೆಗೆ ಪೌರತ್ವ ಪಡೆಯುವ ಹಕ್ಕನ್ನೂ. ನಮ್ಮ ಹಾಸನದ ಕೆ.ಆರ್. ಪುರಂನಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಬೇಕಾದಷ್ಟಿವೆ. ಆ ಅಪ್ಪ ಅಮ್ಮಂದಿರಿಗೆ ವೀಸಾ ವಿಷಯ ಎಲ್ಲಾ ಬಾಯಿಪಾಠ, ಈ ಮನುಷ್ಯನ ಹೆಸರು ಮಾತ್ರ ಕೇಳಿಲ್ಲ.

ಹಾಗಂತ ಬರೀ ಹೊಗಳಲಾರೆ. 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ದುಡಿದವರೇ ಹೆಂಗಸರ ಸಮಾನ ಹಕ್ಕಿನ ತಿದ್ದುಪಡಿಯನ್ನು ವರ್ಷಗಟ್ಟಲೆ ತಮ್ಮ ಸಮಿತಿಯಲ್ಲಿ ಕೊಳೆಹಾಕಿದರು. 1970ರಲ್ಲಿ ಕೆಳಮನೆಯ ಸದಸ್ಯೆ ಮಾರ್ಥಾ ಗ್ರಿಫಿತ್ಸ್ ಉಳಿದ ಸದಸ್ಯರ ಸಹಿ ಕೂಡಿಸಿ ಅದನ್ನು ಸಮಿತಿಯಿಂದ ಎಳೆದು ತರಬೇಕಾಯಿತು. ಓದುವಾಗ ನನಗಂತೂ ಸಿಟ್ಟು ಬಂತು.

ಕೊನೆ ಸೋಲಿಗೂ ಬಯೋಗೈಡ್ ಕೊಡುವುದು ಅರ್ಧ ಸಾಲು: 1972ರಲ್ಲಿ ಮತ್ತೆ ಪಕ್ಷದ ಟಿಕೆಟ್ ಸಿಗಲಿಲ್ಲ, ಅಷ್ಟೇ. ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಸೋಲಿಸಿದವರು ಎಲಿಜಬೆತ್ ಹೋಲ್ಟ್ಸ್‌ಮನ್, 30ರ ವಕೀಲೆ. ಅಂತರ ಸುಮಾರು 600 ಓಟು. ಸೆಲ್ಲರ್‌ಗೆ ಆಗ 84. ಈಕೆಯನ್ನು ಅವರು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಇಸವಿಗಾಗಿ ಹುಡುಕುವವರಿಗೆ ಐದಕ್ಕೆ ಐದು ಕೊಡುತ್ತೇನೆ. ಕಥೆ ಬೇಕೆನ್ನುವವರಿಗೆ ಎರಡೂವರೆ. ಹೋಲ್ಟ್ಸ್‌ಮನ್ ಪುಟವನ್ನೂ ತೆಗೆದು ನೋಡಿ. ಗೆದ್ದ ಮೇಲೆ ಆಕೆ ಅದೇ ನ್ಯಾಯಾಂಗ ಸಮಿತಿಗೆ ಸೇರಿದರು. 1974ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ವಿರುದ್ಧದ ವಾಗ್ದಂಡನೆ ವಿಚಾರಣೆ ಅಲ್ಲಿಗೇ ಬಂತು. ಆಗ ಸಮಿತಿಯ ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಪೀಟರ್ ರೊಡಿನೊ.