ನಿದ್ದೆಗಾಗಿ ಚಿಕ್ಕಬಳ್ಳಾಪುರಕ್ಕೆ ಆರು ಸಲ

ಶಿಡ್ಲಘಟ್ಟ ತಾಲ್ಲೂಕಿನಲ್ಲಿ ರೇಷ್ಮೆ ಬೆಳೆಯುವ ಮನೆ ನಮ್ಮದು. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಹುಳು ಹಗಲುರಾತ್ರಿ ಎನ್ನದೆ ಸೊಪ್ಪು ಮೇಯುತ್ತದೆ, ಆಗ ನಮ್ಮೆಲ್ಲರ ನಿದ್ದೆಯೂ ಅಷ್ಟಕ್ಕಷ್ಟೆ. ಎರಡು ವರ್ಷಗಳ ಹಿಂದೆ ಗೂಡು ಮಾರಿ ಬಂದ ಮೇಲೂ ನನಗೆ ನಿದ್ದೆ ಮರಳಲಿಲ್ಲ. ಒಂಬತ್ತಕ್ಕೇ ಮಲಗಿ, ಗಡಿಯಾರ ನೋಡುತ್ತ ಬೆಳಗು ಮಾಡುತ್ತಿದ್ದೆ. ಅತ್ತೆ ನೆತ್ತಿಗೆ ಹರಳೆಣ್ಣೆ ಒತ್ತಿದರು. ವೈದ್ಯರೊಬ್ಬರು ಏನನ್ನೂ ವಿಚಾರಿಸದೆ ಮಾತ್ರೆ ಬರೆದರು. ನುಂಗಿದ ಮರುದಿನವೆಲ್ಲ ತಲೆ ಭಾರ.

ನರ್ಸಿಂಗ್ ಓದುತ್ತಿರುವ ಮಗಳು ಸಿಬಿಟಿ-ಐ ಎಂಬ, ನಿದ್ದೆಯ ಅಭ್ಯಾಸ ಮತ್ತು ಯೋಚನೆಗಳನ್ನು ತಿದ್ದುವ ಚಿಕಿತ್ಸೆಯ ಬಗ್ಗೆ ಹೇಳಿದಳು. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಇದನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2016ರಲ್ಲೇ ಶಿಫಾರಸು ಮಾಡಿದೆಯಂತೆ. ಅವಳೇ ಚಿಕ್ಕಬಳ್ಳಾಪುರದಲ್ಲಿ ಮನಃಶಾಸ್ತ್ರಜ್ಞೆಯೊಬ್ಬರನ್ನು ಹುಡುಕಿದಳು.

ಮೊದಲ ದಿನ ಅವರು ಕೊಟ್ಟದ್ದು ಒಂದು ಬರಿಯ ನೋಟ್‌ಬುಕ್. ಮಲಗಿದ್ದು, ನಿದ್ದೆ ಹತ್ತಿದ್ದು, ಎಚ್ಚರವಾದದ್ದು, ಕಾಫಿ ಕುಡಿದದ್ದು, ಎಲ್ಲವನ್ನೂ ಎರಡು ವಾರ ಬರೆದೆ. ಹಾಸಿಗೆಯಲ್ಲಿ ಎಂಟೂವರೆ ಗಂಟೆ, ನಿದ್ದೆ ಮಾತ್ರ ಐದು ಗಂಟೆ. ಅದನ್ನು ನೋಡಿ, ‘ಇನ್ನು ಹನ್ನೊಂದೂವರೆಗೆ ಮಲಗಿ, ಐದಕ್ಕೆ ಎದ್ದುಬಿಡಿ ಅಮ್ಮ’ ಎಂದರು. ನಿದ್ದೆಯಿಲ್ಲದವಳಿಗೆ ಮಲಗುವ ಹೊತ್ತನ್ನೇ ಕತ್ತರಿಸುವುದೇ ಎಂದು ಕಣ್ಣಲ್ಲಿ ನೀರು ಬಂತು. ಅವರು ಬೇಸರಿಸಿಕೊಳ್ಳದೆ ಬಿಡಿಸಿ ಹೇಳಿದರು: ಎಚ್ಚರವಾಗಿ ಹೊರಳಾಡುವ ಜಾಗ ಎಂದು ಮೈ ಹಾಸಿಗೆಯನ್ನು ಗುರುತಿಟ್ಟುಕೊಂಡಿದೆ, ಅದನ್ನು ಮರೆಸಬೇಕು. ನಿದ್ದೆ ಬಾರದಿದ್ದರೆ ಎದ್ದು ನಡುಮನೆಯಲ್ಲಿ ಕೂರಬೇಕು, ಕಣ್ಣು ಎಳೆದಾಗ ಮಾತ್ರ ಮರಳಬೇಕು. ಹಗಲು ಮಲಗುವಂತಿಲ್ಲ. ಸಾಲ, ಗೂಡಿನ ಧಾರಣೆ, ಮಗಳ ಶುಲ್ಕದ ಚಿಂತೆಗಳನ್ನು ಸಂಜೆ ಆರಕ್ಕೇ ಬರೆದು ಮುಗಿಸಬೇಕು.

ಮೊದಲ ಹತ್ತು ದಿನ ನಿಜಕ್ಕೂ ಕಷ್ಟ. ಕೂತಲ್ಲೇ ತೂಕಡಿಕೆ. ಆ ದಿನಗಳಲ್ಲಿ ಸ್ಕೂಟರ್ ಓಡಿಸಬೇಡಿ ಎಂದು ಅವರು ಮೊದಲೇ ಎಚ್ಚರಿಸಿದ್ದರು. ಮೂರ್ಛೆರೋಗ ಇದೆಯೇ ಎಂದೂ ಕೇಳಿದ್ದರು. ಇದ್ದವರಿಗೆ ನಿದ್ದೆ ಕಡಿತ ಅಪಾಯವಂತೆ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಇನ್ನೊಂದು ಮಾತಿಗೆ: ‘ಮುಂದಿನ ಬೆಳೆಗೆ ಚಾಕಿ (ಎಳೆಯ) ಹುಳು ತರುವುದು ಯಾವಾಗ?’ ಈ ಹತ್ತು ದಿನಗಳನ್ನು ಹುಳುಮನೆ ಖಾಲಿಯಿದ್ದ ಹೊತ್ತಿಗೆ ಹೊಂದಿಸಿದ್ದು ಅವರೇ. ಮಾತ್ರೆಯನ್ನೂ ಏಕಾಏಕಿ ಬಿಡಿಸಲಿಲ್ಲ, ವೈದ್ಯರನ್ನು ಕೇಳಿ ಸ್ವಲ್ಪಸ್ವಲ್ಪವೇ ಇಳಿಸಲು ಹೇಳಿದರು.

ಮೂರನೇ ವಾರದಿಂದ, ಹಾಸಿಗೆಯಲ್ಲಿ ಕಳೆದ ಹೊತ್ತಿನ ಶೇ 85ರಷ್ಟು ನಿದ್ದೆ ಬಂದ ವಾರಗಳಲ್ಲಿ ಹದಿನೈದು ನಿಮಿಷ ಸೇರಿಸುತ್ತ ಹೋದೆವು.

ಕೊರತೆಯೂ ಇದೆ. ಅವರ ಕೋಣೆಗೂ ಪಕ್ಕದ ಕೋಣೆಗೂ ನಡುವೆ ಹಲಗೆಯ ಗೋಡೆ. ಮಾತು ಆಚೆ ಕೇಳುತ್ತದೆಂದು ಎರಡು ಸಲ ಮನೆಯ ವಿಷಯ ನುಂಗಿಕೊಂಡೆ. ಭೇಟಿಗೆ ಏಳುನೂರು ರೂಪಾಯಿ, ಬಸ್ಸಿನ ಖರ್ಚು ಬೇರೆ. ಕೂಲಿಯವರಿಗೆ ಇದು ಎಟುಕುವ ಹಣವಲ್ಲ, ನನಗೆ ಅದೇ ನೋವು. ಅಂಥವರು ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಮೊದಲ ಸಲಹೆಯನ್ನಾದರೂ ಪಡೆಯಬಹುದು.

ಈಗ ಹತ್ತೂವರೆಗೆ ಮಲಗುತ್ತೇನೆ. ಮೊದಲು ಯಜಮಾನರು ಹಾಕುತ್ತಿದ್ದ ರಾತ್ರಿ ಹತ್ತರ ಸೊಪ್ಪನ್ನು ಈ ಬೆಳೆಯಿಂದ ನಾನೇ ಹಾಕಿ ಬಂದು ಮಲಗುತ್ತಿದ್ದೇನೆ.