ದನದ ಉಣುಗಿನ ಔಷಧವನ್ನು ಅಂದಾಜಿನಲ್ಲಿ ನಾಯಿಗೆ ಹಚ್ಚಬೇಡಿ

ಕಳೆದ ಅಕ್ಟೋಬರ್ ತಿಂಗಳ ಒಂದು ಭಾನುವಾರ, ದನಗಳಿಗೆಂದು ತಂದಿಟ್ಟಿದ್ದ ಉಣುಗಿನ ಔಷಧವನ್ನು ಸರಿಯಾದ ಅಳತೆಯಿಲ್ಲದೆ ಹಚ್ಚಿ, ನಾಲ್ಕು ವರ್ಷದ ನಮ್ಮ ಗುಂಡನನ್ನು ನನ್ನ ಕೈಯಾರೆ ಸಾವಿನ ಬಾಗಿಲಿಗೆ ಒಯ್ದಿದ್ದೆ. ಅವನು ಬದುಕಿದ್ದಾನೆ. ಆದರೆ ಅಂತಹದೇ ಬಾಟಲಿ ಇಂದಿಗೂ ಅನೇಕರ ಕೊಟ್ಟಿಗೆಯ ಗೋಡೆಗೂಡಿನಲ್ಲಿ ಕುಳಿತಿರುತ್ತದೆ, ಮತ್ತು ನಾಯಿಯ ಮೈಮೇಲೆ ಉಣುಗು ಕಂಡ ದಿನ ಕೈ ಮೊದಲು ಹೋಗುವುದು ಅದರ ಕಡೆಗೇ ಎಂಬುದನ್ನು ಬಲ್ಲೆನಾದ್ದರಿಂದ, ನಡೆದದ್ದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ನಮ್ಮದು ಸಾಗರ ತಾಲ್ಲೂಕಿನಲ್ಲಿ ಅಡಿಕೆ ತೋಟದ ನಡುವಿನ ಮನೆ. ಗುಂಡ ಗೋಲ್ಡನ್ ರಿಟ್ರೀವರ್ ಮತ್ತು ಊರುನಾಯಿಯ ಮಿಶ್ರತಳಿ. ತೂಕ ಸುಮಾರು 24 ಕಿಲೋ, ಮೈತುಂಬ ಉದ್ದ ಕೂದಲು, ಅದರಡಿಯಲ್ಲಿ ಹತ್ತಿಯಂತಹ ಒಳಗೂದಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಅವನ ಮೈ ಪೂರ್ತಿ ಒಣಗಿದ ದಿನಗಳೇ ಕಡಿಮೆ. ಬಾಚುವ ಕೆಲಸವನ್ನು ನಾನು ದಸರಾ ಕಳೆದ ಮೇಲೆ ಎಂದು ಮುಂದೂಡಿದ್ದೆ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಕೂದಲು ಜಡೆಗಟ್ಟಿತ್ತು. ಆ ಜಡೆಯೊಂದನ್ನು ಕತ್ತರಿಯಿಂದ ಬಿಡಿಸಿದ ದಿನ ಕಂಡ ದೃಶ್ಯವನ್ನು ಮರೆಯಲಾರೆ: ರಕ್ತ ಹೀರಿ ಊದಿಕೊಂಡು ಬೂದುಬಣ್ಣಕ್ಕೆ ತಿರುಗಿದ, ಹರಳುಬೀಜದ ಗಾತ್ರದ ಮೂರು ಉಣುಗುಗಳು, ಅವುಗಳ ಸುತ್ತ ಎಳ್ಳಿನಷ್ಟು ಸಣ್ಣ ಕಂದು ಮರಿಗಳು. ಕಿವಿಯೊಳಗೆ, ಕಾಲ್ಬೆರಳುಗಳ ನಡುವೆ, ಕೊರಳಪಟ್ಟಿಯ ಕೆಳಗೆ ನೋಡಿದಷ್ಟೂ ಇದ್ದವು. ಮೇಲಿನಿಂದ ಕೈಯಾಡಿಸಿದರೆ ಒಂದೂ ತಿಳಿಯುತ್ತಿರಲಿಲ್ಲ.

ಗಾಬರಿಯಲ್ಲಿ ಪಶು ಔಷಧಿಯ ಅಂಗಡಿಗೆ ಫೋನ್ ಮಾಡಿದೆ. ಅಲ್ಲಿಂದಲೇ ತಂದ, ದನಗಳಿಗೆ ಬಳಸಿ ಉಳಿದಿದ್ದ ಬಾಟಲಿಯೊಂದು ಮನೆಯಲ್ಲಿತ್ತು. ಅದನ್ನು ನಾಯಿಗೆ ಹಚ್ಚಬಹುದೇ ಎಂದು ಕೇಳಿದಾಗ ಬಂದ ಉತ್ತರ, "ದನಕ್ಕೂ ಅದೇ, ನಾಯಿಗೂ ಅದೇ ಅಣ್ಣ, ನೀರಿಗೆ ಒಂದೆರಡು ಮುಚ್ಚಳ ಹಾಕಿ ಹಚ್ಚಿ" ಎಂದಷ್ಟೇ. ಎಷ್ಟು ನೀರಿಗೆ ಎಂದು ನಾನೂ ಕೇಳಲಿಲ್ಲ. ಬಾಟಲಿಯ ಜೊತೆಗಿರಬೇಕಾದ ವಿವರಪತ್ರ ಎಂದೋ ಕಳೆದುಹೋಗಿತ್ತು. ಅರ್ಧ ಬಕೆಟ್ ನೀರಿಗೆ ಮುಚ್ಚಳದ ಲೆಕ್ಕದಲ್ಲಿ ಸುರಿದು ಬಟ್ಟೆಯಿಂದ ಮೈಗೆಲ್ಲ ಹಚ್ಚಿದೆ. ಅದಕ್ಕಿಂತ ದೊಡ್ಡ ತಪ್ಪು ಮಾಡಿದ್ದು ಅನಂತರ. ಉಣುಗು ಹೆಚ್ಚಾಗಿದ್ದ ಕಿವಿಯ ಅಂಚಿಗೂ ಪಾದಗಳಿಗೂ ನೀರೇ ಬೆರೆಸದ ಔಷಧವನ್ನು ಹತ್ತಿಯಲ್ಲಿ ಅದ್ದಿ ಒತ್ತಿದೆ. ಬಿಸಿಲಿಗೆ ಒಣಗಲೆಂದು ಅಂಗಳದಲ್ಲಿ ಕಟ್ಟಿದೆ. ಅವನು ಅಲ್ಲಿ ಕುಳಿತು ಪಾದಗಳನ್ನು ನೆಕ್ಕುತ್ತಿದ್ದುದನ್ನು ನೋಡಿಯೂ ಸುಮ್ಮನಿದ್ದೆ.

ಆ ಔಷಧದ ಹೆಸರು ಅಮಿಟ್ರಾಜ್. ನಮ್ಮ ಬಾಟಲಿಯಲ್ಲಿದ್ದದ್ದು ಶೇಕಡಾ 12.5ರ ದ್ರಾವಣ, ಅಂದರೆ ಒಂದು ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ. ಔಷಧವನ್ನೇ ದೂಷಿಸುವುದು ನ್ಯಾಯವಲ್ಲ. ಪಶುವೈದ್ಯರು ನಾಯಿಗಳ ಕಜ್ಜಿಗೂ ಉಣುಗಿಗೂ ಇದನ್ನೇ ಕೆಲವೊಮ್ಮೆ ಬರೆಯುತ್ತಾರೆ. ಆದರೆ ಅದು ಒಂದು ಲೀಟರ್ ನೀರಿಗೆ ಕೆಲವೇ ಮಿಲಿಲೀಟರಿನಷ್ಟು, ಸಿರಿಂಜಿನಲ್ಲಿ ಅಳೆದು, ನಾಯಿಯ ವಯಸ್ಸು, ಆರೋಗ್ಯ, ಮೈಮೇಲಿನ ಗಾಯಗಳನ್ನು ನೋಡಿ ನಿರ್ಧರಿಸುವ ವಿಷಯ. ಸಣ್ಣ ಮರಿಗಳಿಗೆ, ಸಕ್ಕರೆ ಕಾಯಿಲೆ ಇರುವ ನಾಯಿಗಳಿಗೆ ಇದು ಸಲ್ಲದು. ಬೆಕ್ಕುಗಳಿಗಂತೂ ಅಪಾಯಕಾರಿ. ಮುಚ್ಚಳ ಎಂಬುದು ಅಳತೆಯೇ ಅಲ್ಲ, ಏಕೆಂದರೆ ಒಂದು ಬಾಟಲಿಯ ಮುಚ್ಚಳದಂತೆ ಇನ್ನೊಂದರದ್ದು ಇರುವುದಿಲ್ಲ.

ಹನ್ನೊಂದು ಗಂಟೆಗೆ ಹಚ್ಚಿದ್ದೆ. ಹನ್ನೆರಡೂವರೆಯ ಹೊತ್ತಿಗೆ ಗುಂಡ ಜೊಲ್ಲು ಸುರಿಸಿ ಎರಡು ಬಾರಿ ವಾಂತಿ ಮಾಡಿದ. ಊಟಕ್ಕೆ ಕರೆದಾಗ ಎದ್ದು ನಾಲ್ಕು ಹೆಜ್ಜೆ ಬಂದವನು ಹಿಂಗಾಲು ಮಡಚಿಕೊಂಡು ಕುಸಿದ. ಅಮ್ಮ ಮೊದಲು ಗಮನಿಸಿದ್ದು ಅವನ ಕಿವಿ ತಣ್ಣಗಾಗಿದ್ದುದನ್ನು. "ಬಿಸಿಲಲ್ಲಿ ಮಲಗಿದ ನಾಯಿಯ ಕಿವಿ ಹೀಗೆ ತಣ್ಣಗೆ ಇರ್ತದಾ ಮಗಾ?" ಎಂದು ಅವರು ಕೇಳಿದಾಗ ನನಗೆ ಎದೆ ಒಡೆದಂತಾಯಿತು. ಕಣ್ಣಿನ ಪಾಪೆ ಅಗಲವಾಗಿ ತೆರೆದಿತ್ತು, ಹೆಸರು ಹಿಡಿದು ಕರೆದರೆ ಬಾಲದ ತುದಿಯೂ ಅಲುಗಲಿಲ್ಲ.

ಭಾನುವಾರವಾದ್ದರಿಂದ ಆಸ್ಪತ್ರೆ ಮುಚ್ಚಿತ್ತು. ಪುಣ್ಯಕ್ಕೆ ಪರಿಚಯದ ಪಶುವೈದ್ಯರೊಬ್ಬರು ಫೋನ್ ಎತ್ತಿದರು. ಅಷ್ಟರಲ್ಲಿ ನೆರೆಮನೆಯವರು ಮಜ್ಜಿಗೆ ಕುಡಿಸಿ ಎಂದಿದ್ದರು, ಇನ್ನೊಬ್ಬರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂದಿದ್ದರು. ಎರಡನ್ನೂ ಮಾಡಕೂಡದೆಂದು ವೈದ್ಯರು ಖಂಡಿತವಾಗಿ ಹೇಳಿದರು: ಅರೆಪ್ರಜ್ಞೆಯಲ್ಲಿರುವ ನಾಯಿಯ ಬಾಯಿಗೆ ಏನನ್ನು ಹಾಕಿದರೂ ಅದು ಶ್ವಾಸನಾಳಕ್ಕೆ ಇಳಿಯಬಹುದು, ಇಂತಹ ಔಷಧಗಳನ್ನು ಕರಗಿಸಲು ಬಳಸುವ ಸೀಮೆಎಣ್ಣೆಯ ಜಾತಿಯ ದ್ರವಗಳು ವಾಂತಿಯೊಡನೆ ಶ್ವಾಸಕೋಶ ಸೇರಿದರೆ ಹಾನಿ ಇಮ್ಮಡಿಯಾಗುತ್ತದೆ. ಅವರು ಹೇಳಿದಂತೆ ಕೈಗವಸು ಹಾಕಿಕೊಂಡು, ಪಾತ್ರೆ ತೊಳೆಯುವ ದ್ರವ ಸೋಪಿನಿಂದ ಉಗುರುಬೆಚ್ಚಗಿನ ನೀರಿನಲ್ಲಿ ಮೈಯನ್ನು ಎರಡು ಬಾರಿ ತೊಳೆದು, ಒರೆಸಿ, ಕಂಬಳಿ ಸುತ್ತಿ, ಬಾಟಲಿಯನ್ನೂ ಜೊತೆಗಿಟ್ಟುಕೊಂಡು ಶಿವಮೊಗ್ಗಕ್ಕೆ ಹೊರಟೆವು. ಸುಮಾರು 70 ಕಿಲೋಮೀಟರ್ ದಾರಿಯುದ್ದಕ್ಕೂ ಅಮ್ಮ ಅವನ ಎದೆಯ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದರು.

ಅಲ್ಲಿ ಪರೀಕ್ಷಿಸಿದಾಗ ಅವನ ಮೈಶಾಖ 97 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಆರೋಗ್ಯವಂತ ನಾಯಿಗೆ 101ರಿಂದ 102.5ರವರೆಗೆ ಇರಬೇಕು. ಹೃದಯ ನಿಮಿಷಕ್ಕೆ 44 ಬಾರಿ ಮಾತ್ರ ಬಡಿಯುತ್ತಿತ್ತು. ರಕ್ತದ ಸಕ್ಕರೆ ಏರಿತ್ತು, ಅದೂ ಈ ವಿಷದ ಗುರುತೇ ಅಂತೆ. ಬಾಟಲಿ ಕಣ್ಣೆದುರಿಗಿದ್ದುದರಿಂದ ವೈದ್ಯರಿಗೆ ಕಾರಣ ಹುಡುಕುವ ಕೆಲಸ ಉಳಿಯಲಿಲ್ಲ. ಇದಕ್ಕೆ ಪ್ರತಿಯಾಗಿ ಕೆಲಸ ಮಾಡುವ ಚುಚ್ಚುಮದ್ದುಗಳಿವೆ, ಅದನ್ನು ಕೊಟ್ಟು, ಸಲೈನ್ ಹಾಕಿ, ಬಿಸಿನೀರಿನ ಚೀಲಗಳ ನಡುವೆ ಮಲಗಿಸಿದರು. ರಾತ್ರಿ ಹತ್ತರ ಸುಮಾರಿಗೆ ಅವನು ತಲೆಯೆತ್ತಿದ. ಹಚ್ಚಿದ ಔಷಧ ಯಾವುದೆಂದು ಹೇಳಲು ನಾಚಿ "ಏನೋ ತಿಂದಿರಬೇಕು" ಎಂದು ಹೇಳುವ ಮಾಲೀಕರು ಬಹಳ ಮಂದಿ ಇದ್ದಾರೆ ಎಂದು ವೈದ್ಯರು ಬೇಸರದಿಂದ ಹೇಳಿದರು. ದಯವಿಟ್ಟು ಹಾಗೆ ಮಾಡಬೇಡಿ. ಆ ಹೊತ್ತಿನಲ್ಲಿ ನಿಮ್ಮ ನಾಚಿಕೆಗೆ ನಾಯಿ ಬೆಲೆ ತೆರುತ್ತದೆ.

ಕಷ್ಟ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆವು. ಹದಿನಾರು ದಿನಗಳ ನಂತರ ಗುಂಡ ಊಟ ಬಿಟ್ಟ. ನಮ್ಮ ಮನೆಯದು ಕೆಂಪು ಕಾವಿಯ ನೆಲ; ಅದರ ಮೇಲೆ ಬಿದ್ದ ಹನಿಗಳು ಯಾರ ಕಣ್ಣಿಗೂ ಬೀಳಲಿಲ್ಲ. ನೀರು ಚೆಲ್ಲಿರಬೇಕೆಂದು ಅಮ್ಮ ಬಿಳಿ ಪಂಚೆಯ ತುಂಡಿನಿಂದ ಒರೆಸಿದಾಗ ಬಟ್ಟೆ ಕೆಂಪಾಯಿತು. ಮೂಗಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಹೊಟ್ಟೆಯ ಕೆಳಗಿನ ಕೂದಲಿಲ್ಲದ ಚರ್ಮದಲ್ಲಿ ಸೂಜಿ ಚುಚ್ಚಿದಂತಹ ಕೆಂಪು ಚುಕ್ಕೆಗಳಿದ್ದವು, ವಸಡು ಬಿಳಿಚಿಕೊಂಡಿತ್ತು, ಜ್ವರ 104.5 ಡಿಗ್ರಿ. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 38,000ಕ್ಕೆ ಇಳಿದಿತ್ತು. ನಾಯಿಗಳಲ್ಲಿ ಅದು ಸಾಮಾನ್ಯವಾಗಿ ಎರಡು ಲಕ್ಷಕ್ಕಿಂತ ಮೇಲಿರುತ್ತದೆ. ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದಿಂದ ಬರುವ, ಎಲ್ಲರೂ ಟಿಕ್ ಫೀವರ್ ಎಂದು ಕರೆಯುವ ಉಣುಗು ಜ್ವರ ಅದು. ನಾನು ವಿಷ ಹಚ್ಚುವ ಮೊದಲೇ ಉಣುಗುಗಳು ತಮ್ಮ ಕೆಲಸ ಮುಗಿಸಿದ್ದವು. ಉಣುಗು ಕಚ್ಚಿ ಒಂದರಿಂದ ಮೂರು ವಾರಗಳ ನಂತರ ಈ ಜ್ವರ ಕಾಣಿಸಿಕೊಳ್ಳುವುದರಿಂದ, ಉಣುಗು ತೆಗೆದ ಮೇಲೂ ಒಂದು ತಿಂಗಳು ನಾಯಿಯ ಊಟ, ಲವಲವಿಕೆ, ವಸಡಿನ ಬಣ್ಣಗಳ ಮೇಲೆ ಕಣ್ಣಿಡಬೇಕು.

ಡಾಕ್ಸಿಸೈಕ್ಲಿನ್ ಗುಳಿಗೆಯನ್ನು 28 ದಿನ ತಪ್ಪದೆ ಕೊಟ್ಟೆವು. ಐದನೆಯ ದಿನಕ್ಕೇ ಗುಂಡ ಬಾಲ ಅಲ್ಲಾಡಿಸತೊಡಗಿದಾಗ ನಿಲ್ಲಿಸಿಬಿಡೋಣ ಎನ್ನಿಸಿತ್ತು. ಅರ್ಧಕ್ಕೆ ನಿಲ್ಲಿಸಿದರೆ ರೋಗಾಣು ದೇಹದಲ್ಲಿ ಅಡಗಿದ್ದು, ತಿಂಗಳುಗಳ ನಂತರ ಮೂಳೆಮಜ್ಜೆಯನ್ನೇ ಕೆಡಿಸುವ ಹಂತಕ್ಕೆ ಹೋಗಬಹುದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದು ಒಳ್ಳೆಯದಾಯಿತು. ಹಾಗೆಂದು ಈ ಗುಳಿಗೆಯನ್ನು ನೀವೇ ಅಂಗಡಿಯಿಂದ ತಂದು ಕೊಡಬೇಡಿ. ಉಣುಗಿನಿಂದಲೇ ಬರುವ ಬೆಬೆಸಿಯಾ ಎಂಬ ಇನ್ನೊಂದು ಕಾಯಿಲೆ ನೋಡಲು ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಅದರ ರೋಗಾಣು ಕೆಂಪು ರಕ್ತಕಣಗಳ ಒಳಗೆ ಸೇರುತ್ತದೆ, ಅದಕ್ಕೆ ಬೇರೆಯದೇ ಔಷಧ ಬೇಕು. ಯಾವುದೆಂದು ರಕ್ತ ನೋಡಿಯೇ ತಿಳಿಯಬೇಕು. ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಕೊಡುವುದಂತೂ ಬೇಡವೇ ಬೇಡ.

ಇಷ್ಟೊಂದು ಉಣುಗು ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ರಾತ್ರಿಯ ಹೊತ್ತು. ನಾನು ಕಾಡನ್ನು ದೂಷಿಸುತ್ತಿದ್ದೆ. ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯಿಂದಾಗಿ, ಉಣುಗು ಎಂದರೆ ಮಲೆನಾಡಿನವರಿಗೆ ನೆನಪಾಗುವುದೇ ಕಾಡು. ಆದರೆ ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವ ಉಣುಗಿನ ಜಾತಿ ಬೇರೆ. ಎರ್ಲಿಕಿಯಾ ಹರಡುವ ಕಂದು ಉಣುಗು ನಾಯಿಯ ಜೊತೆ ಮನೆಯಲ್ಲೇ ಸಂಸಾರ ಹೂಡುತ್ತದೆ. ರಕ್ತ ಕುಡಿದ ಹೆಣ್ಣು ನಾಯಿಯ ಮೈಯಿಂದ ಉದುರಿ, ಗೋಡೆಯ ಸಂದಿನಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಮೊಟ್ಟೆಯೊಡೆದ ಮರಿ ನಾಯಿಯನ್ನೇರಿ ರಕ್ತ ಕುಡಿದು ಮತ್ತೆ ಉದುರುತ್ತದೆ, ಪೊರೆ ಕಳಚಿ ದೊಡ್ಡದಾಗಿ ಮತ್ತೆ ಏರುತ್ತದೆ. ಹೀಗೆ ಮೂರು ಬಾರಿ. ಗುಂಡ ಮಲಗುತ್ತಿದ್ದ ಜಗಲಿಯ ಗೋಡೆ ಗಾರೆ ಉದುರಿದ ಜಂಬಿಟ್ಟಿಗೆಯದು. ಅದಕ್ಕೆ ಟಾರ್ಚ್ ಹಿಡಿದು ನೋಡಿದರೆ, ಕಲ್ಲಿನ ಪ್ರತಿಯೊಂದು ತೂತಿನ ಬಾಯಲ್ಲೂ ಮರಿಗಳು ಕಾಲು ಚಾಚಿಕೊಂಡು ಕಾದಿದ್ದವು, ಕೆಲವು ಮಾಡಿನ ಕಡೆಗೆ ಸಾಲಾಗಿ ಹತ್ತುತ್ತಿದ್ದವು. ನಾಯಿಯ ಮೈಮೇಲಿದ್ದದ್ದು ಅದರ ಒಂದು ಪಾಲು ಮಾತ್ರ. ನಾಯಿಯನ್ನು ಎಷ್ಟು ತೊಳೆದರೂ ಆ ಗೋಡೆ ಹಾಗೆಯೇ ಇದ್ದರೆ ಪ್ರಯೋಜನವಿರಲಿಲ್ಲ. ಸಂದುಗಳಿಗೆ ಸಿಮೆಂಟು ತುಂಬಿಸಿ ಗಾರೆ ಮಾಡಿಸಿದೆವು, ಹಳೆಯ ಗೋಣಿತಾಟನ್ನು ಸುಟ್ಟೆವು, ಹೊಸದನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕುತ್ತೇವೆ.

ಈಗ ಅವನಿಗೆ ವೈದ್ಯರು ತೂಕ ನೋಡಿ ಬರೆದುಕೊಟ್ಟ, ತಿಂಗಳಿಗೊಮ್ಮೆ ಕೊಡುವ ಅಫಾಕ್ಸೊಲೇನರ್ ಗುಳಿಗೆ ನಡೆಯುತ್ತಿದೆ. ಕಚ್ಚಿದ ಉಣುಗನ್ನು ಇದು ಕೊಲ್ಲುತ್ತದೆ. ಸುಮಾರು ಹನ್ನೆರಡು ವಾರ ಕೆಲಸ ಮಾಡುವ ಫ್ಲುರಲೇನರ್ ಎಂಬ ಗುಳಿಗೆಯೂ ಇದೆ. ಫಿಟ್ಸ್ ಬರುವ ನಾಯಿಗೆ ಇವನ್ನು ಕೊಡುವ ಮೊದಲು ವೈದ್ಯರಿಗೆ ಅದನ್ನು ತಿಳಿಸಲೇಬೇಕು. ಬೆನ್ನಿಗೆ ಹನಿ ಹಾಕುವ ಔಷಧ ಬಳಸುವವರ ಮನೆಯಲ್ಲಿ ಬೆಕ್ಕಿದ್ದರೆ ಇನ್ನೊಂದು ಎಚ್ಚರ: ನಾಯಿಗಳಿಗಾಗಿ ಮಾಡಿದ ಪರ್ಮೆಥ್ರಿನ್ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ದನಕ್ಕೆ ಕೊಡುವ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ನಾಯಿಗೂ ಹಾಕಿಸುವ ರೂಢಿ ಕೆಲವೆಡೆ ಇದೆ. ಕೋಲಿ ಮುಂತಾದ ತಳಿಗಳಲ್ಲಿ ಆ ಔಷಧ ಮೆದುಳಿಗೆ ನುಗ್ಗುವಂತಹ ಹುಟ್ಟುದೋಷವಿರುತ್ತದೆ, ಮಿಶ್ರತಳಿಯ ನಾಯಿಯಲ್ಲಿ ಆ ರಕ್ತ ಇದೆಯೋ ಇಲ್ಲವೋ ಮುಖ ನೋಡಿ ಹೇಳಲಾಗದು. ಮನೆಮದ್ದೆಂದು ಕೊಬ್ಬರಿ ಎಣ್ಣೆಗೆ ಕರ್ಪೂರ ಬೆರೆಸಿ ಹಚ್ಚುವವರಿದ್ದಾರೆ. ಕರ್ಪೂರವೂ ನಾಯಿಗೆ ವಿಷವೇ. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ.

ಕೂದಲಿನ ಆರೈಕೆಯನ್ನು ಅಂದಚೆಂದದ ಕೆಲಸವೆಂದು ಭಾವಿಸಿದ್ದ ನಾನು, ಅದು ತಪಾಸಣೆಯ ಕೆಲಸವೆಂದು ಈಗ ಅರಿತಿದ್ದೇನೆ. ಪ್ರತಿ ಸಂಜೆ ಹತ್ತು ನಿಮಿಷ, ಮೊದಲು ಅಗಲ ಹಲ್ಲಿನ ಬಾಚಣಿಗೆ, ಅನಂತರ ಹೇನುಬಾಚಣಿಗೆಯಂತಹ ಒತ್ತು ಹಲ್ಲಿನದು. ಕೂದಲನ್ನು ಎದುರುದಿಕ್ಕಿಗೆ ಸರಿಸಿ ಚರ್ಮ ಕಾಣುವಂತೆ ನೋಡುತ್ತೇನೆ: ಕಿವಿಯ ಮಡಿಕೆ, ಕಣ್ಣಿನ ರೆಪ್ಪೆ, ಕಂಕುಳು, ಬೆರಳಸಂದು, ಬಾಲದ ಬುಡ. ಉಣುಗು ಸಿಕ್ಕರೆ ಊದುಬತ್ತಿಯಿಂದ ಸುಡದೆ, ಉಗುರಿನಿಂದ ಹಿಸುಕದೆ, ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಬಾಯಿಯ ಹತ್ತಿರ ಹಿಡಿದು, ತಿರುಚದೆ ನೇರವಾಗಿ ಎಳೆದು ಸ್ಪಿರಿಟ್ಟಿನ ಶೀಶೆಗೆ ಹಾಕುತ್ತೇನೆ. ಮಳೆಯಲ್ಲಿ ನೆನೆದು ಬಂದ ದಿನ ಒಳಗೂದಲು ಒಣಗುವವರೆಗೆ ಒರೆಸುತ್ತೇವೆ. ಬೇಸಿಗೆಗೆಂದು ಮೈ ಪೂರ್ತಿ ಬೋಳಿಸಿಬಿಡಿ ಎಂಬ ಸಲಹೆ ಬಂದಿತ್ತು, ಅದನ್ನು ಒಪ್ಪಲಿಲ್ಲ. ಎರಡು ಪದರ ಕೂದಲಿನ ನಾಯಿಗೆ ಅದೇ ಬಿಸಿಲಿನಿಂದಲೂ ರಕ್ಷಣೆ.

ಆ ಅಂಗಡಿಯವರ ಬಳಿಗೆ ಹೋಗಿ ನಡೆದದ್ದನ್ನು ಹೇಳಿದೆ, ವಿವರಪತ್ರವಿಲ್ಲದೆ ಯಾರಿಗೂ ಆ ಬಾಟಲಿ ಕೊಡಬೇಡಿರೆಂದು ಕೇಳಿಕೊಂಡೆ. ನಮ್ಮ ಬಾಟಲಿಗೆ ಈಗ ಬೀಗವಿರುವ ಕಪಾಟು, ಪಕ್ಕದಲ್ಲಿ ಸಿರಿಂಜು ಮತ್ತು ದನದ ಅಳತೆ ಬರೆದ ಚೀಟಿ. ಗುಂಡನ ಎಡಗಿವಿಯ ಅಂಚಿನಲ್ಲಿ, ನಾನು ಹತ್ತಿ ಒತ್ತಿದ್ದ ಜಾಗದಲ್ಲಿ, ಕೂದಲು ಇನ್ನೂ ಪೂರ್ತಿ ಬಂದಿಲ್ಲ. ಮೊನ್ನೆ ರಾತ್ರಿ ಜಗಲಿಯ ಗೋಡೆಗೆ ಟಾರ್ಚ್ ಹಿಡಿದಾಗ, ಕಿಟಕಿಯ ಚೌಕಟ್ಟು ಗಾರೆಗೆ ಕೂಡುವ ಕಡೆ ಕೂದಲೆಳೆಯಷ್ಟು ಬಿರುಕಿನಿಂದ ಒಂದೇ ಒಂದು ಮರಿ ಹೊರಬರುತ್ತಿತ್ತು. ಅದನ್ನು ಶೀಶೆಗೆ ಹಾಕಿ, ಬಿರುಕಿಗೆ ಬೆಳಿಗ್ಗೆ ಸಿಮೆಂಟು ಮೆತ್ತಿದೆ.